ಕೈದಿಗೂ ಒಬ್ಬ ಕಾವಲುಗಾರ

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ಪೇಪರ್ ಬಿಡಿಸುವಷ್ಟರಲ್ಲಿ ಹಿಂದಿನ ಬೀದಿಯ ಹುಡುಗಿಯೊಬ್ಬಳು ತನ್ನ ತಂದೆಯನ್ನೂ ಜತೆಗೆ ಕರೆದುಕೊಂಡು ಬಂದಳು. ಎರಡನೆಯ ಪಿಯುಸಿ ಓದುವ ಹುಡುಗಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇಟ್ಟಿದ್ದಾರಂತೆ. ‘ಜೈಲು ಸೇರಿದ ಮಾಜಿ ನಾಯಕರಿಗೆ ಸರಕಾರಿ ಭದ್ರತೆ ಬೇಡ’ ಎಂಬುದು ವಿಷಯ. ಚೀಟಿ ಎತ್ತಿದಾಗ ಇವಳ ಪಾಲಿಗೆ ಬಂದದ್ದು ‘ವಿರೋಧ’. ಅಂದರೆ ಭದ್ರತೆ ಬೇಕೇ ಬೇಕು ಎಂದು ಇವಳು ವಾದಿಸಬೇಕು.

‘ಅಂಕಲ್, ನನಗೆ ಬೇಡ ಅಂತಲೇ ಅನ್ನಿಸ್ತಿದೆ. ಮನಸ್ಸಿಗೆ ಒಪ್ಪದ್ದನ್ನ ಹೇಗೆ ಹೇಳ್ಲಿ?’ ಎಂದಳು.

ತಂದೆ ನಕ್ಕರು. ‘ನೋಡಿ ಸಾರ್, ಹೊರಗಿದ್ದರೂ ಅವರಿಗೆ ರಾಜಭೋಗ, ಒಳಗೆ ಹೋದರೂ ರಾಜಭೋಗ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ದೊಡ್ಡವರಿಗೊಂದು ನ್ಯಾಯ, ನಮ್ಮಂಥವರಿಗೊಂದು ನ್ಯಾಯ ಅಂತ ಎರಡು ಮಾತಲ್ಲಿ ಮುಗಿಸಬಹುದು’ ಎಂದರು.

ಆ ಎರಡು ಮಾತು ಅವರೊಬ್ಬರದೇ ಅಲ್ಲ. ನಮ್ಮೆಲ್ಲರ ನಾಲಗೆಯ ತುದಿಯಲ್ಲೂ ಇರುವಂಥದು. ಆದರೆ ಅಲ್ಲಿಗೆ ಮುಗಿಸಿಬಿಟ್ಟರೆ ಒಂದು ಮುಖ್ಯವಾದ ಸಂಗತಿ ಕೈತಪ್ಪಿಹೋಗುತ್ತದೆ ಎಂದು ನನಗೆ ಅನ್ನಿಸಿತು. ಅವರಿಬ್ಬರ ಜತೆ ಆಡಿದ ಮಾತನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಫ್ರಾನ್ಸಿನ ಕಥೆ ಕೇಳಿ. ನಿಕೊಲಾ ಸಾರ್ಕೋಜಿ ಎಂಬುವರು 2007ರಿಂದ 2012ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದರು. 2007ರ ಚುನಾವಣೆಗೆ ಲಿಬಿಯಾದ ಸರ್ವಾಧಿಕಾರಿ ಗಡಾಫಿಯ ಕಡೆಯಿಂದ ಹಣ ತರಲು ಸಂಚು ನಡೆಸಿದರೆಂದು ಅವರ ಮೇಲೆ ಮೊಕದ್ದಮೆ ನಡೆಯಿತು. 2025ರ ಸೆಪ್ಟೆಂಬರ್ 25ರಂದು ಪ್ಯಾರಿಸ್‌ನ ನ್ಯಾಯಾಲಯ ಬೇರೆ ಆರೋಪಗಳನ್ನು ಕೈಬಿಟ್ಟು, ಒಳಸಂಚಿನ ಆರೋಪವನ್ನು ಮಾತ್ರ ಎತ್ತಿಹಿಡಿದು ಐದು ವರ್ಷ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹಾಕಿಕೊಂಡರೂ ಸರಿ, ತೀರ್ಪು ಬರುವತನಕ ಹೊರಗಿರುವಂತಿಲ್ಲ ಎಂದೂ ಹೇಳಿತು. ಅಕ್ಟೋಬರ್ 21ರಂದು ಸಾರ್ಕೋಜಿ ಪ್ಯಾರಿಸ್ ನಗರದೊಳಗೇ ಇರುವ ‘ಲಾ ಸಾಂತೆ’ ಸೆರೆಮನೆಯ ಬಾಗಿಲು ದಾಟಿದರು. 1867ರಲ್ಲಿ ಆರಂಭವಾದ ಹಳೆಯ ಜೈಲು ಅದು. ‘ಸಾಂತೆ’ ಎಂದರೆ ಫ್ರೆಂಚ್ ಭಾಷೆಯಲ್ಲಿ ಆರೋಗ್ಯ!

ಅವರನ್ನು ಇಟ್ಟದ್ದು ಏಕಾಂತ ವಿಭಾಗದಲ್ಲಿ. ನಮ್ಮ ಲೆಕ್ಕದಲ್ಲಿ ಹತ್ತಡಿಗೆ ಹತ್ತಡಿಯ ಒಂದು ಕೋಣೆ. ಮರುದಿನವೇ ಒಳಾಡಳಿತ ಸಚಿವರು ಒಂದು ವಿಷಯ ಒಪ್ಪಿಕೊಂಡರು: ಮಾಜಿ ಅಧ್ಯಕ್ಷರ ಭದ್ರತೆಗಾಗಿ ಇಬ್ಬರು ಪೊಲೀಸ್ ಅಧಿಕಾರಿಗಳು ಕೂಡ ಅದೇ ಜೈಲಿನೊಳಗೆ, ಪಕ್ಕದಲ್ಲೇ ಇರುತ್ತಾರೆ. ಏಕೆಂದರೆ ಸಾರ್ಕೋಜಿಯವರ ಜೀವಕ್ಕೆ ಬೆದರಿಕೆ ಇದೆ. ಅವರು ಒಳಗೆ ಕಾಲಿಟ್ಟ ಕೂಡಲೇ ಕೈದಿಗಳು ಕೂಗಾಡಿ ಬೆದರಿಸಿದ ವಿಡಿಯೋ ಕೂಡ ಹೊರಬಿತ್ತು.

ಇಷ್ಟು ಹೇಳುವಷ್ಟರಲ್ಲಿ ಹುಡುಗಿಯ ತಂದೆ, ‘ನಾನು ಹೇಳ್ಲಿಲ್ವಾ ಸಾರ್’ ಎಂಬಂತೆ ಮಗಳ ಮುಖ ನೋಡಿದರು. ಸ್ವಾರಸ್ಯವೆಂದರೆ ಈ ಏರ್ಪಾಟಿಗೆ ಮೊದಲು ಸಿಟ್ಟಾದವರು ಪ್ಯಾರಿಸ್‌ನ ಸಾಮಾನ್ಯ ಜನರೂ ಅಲ್ಲ, ವಿರೋಧ ಪಕ್ಷದವರೂ ಅಲ್ಲ. ಜೈಲಿನ ಸಿಬ್ಬಂದಿಯೇ! ವಾರ್ಡರುಗಳ ಸಂಘದವರು, ಇದು ನಮ್ಮ ವೃತ್ತಿಗೇ ಮಾಡಿದ ಅವಮಾನ ಎಂದರು. ಕೈದಿಗಳನ್ನು ಕಾಯುವುದು ನಮ್ಮ ಕೆಲಸ, ಅದಕ್ಕೆ ಹೊರಗಿನ ಪೊಲೀಸರು ಯಾಕೆ, ನಮ್ಮ ಮೇಲೆ ನಂಬಿಕೆ ಇಲ್ಲವೇ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ, ಮತ್ತೆ ಇದಕ್ಕೇ ಬರಬೇಕಾಗುತ್ತದೆ.

ಮಾಜಿ ನಾಯಕರಿಗೆ ಕಾವಲು ಏಕೆ ಬೇಕು? ಕುರ್ಚಿಯಿಂದ ಇಳಿದ ಮೇಲೆ ಅವರೂ ನಮ್ಮ ನಿಮ್ಮಂತೆ ತಾನೆ?

ಈ ಪ್ರಶ್ನೆಗೆ ಭಾರತ ಕಣ್ಣೀರಿನಲ್ಲಿ ಉತ್ತರ ಬರೆದಿದೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಅವರ ಅಂಗರಕ್ಷಕರೇ ಕೊಂದರು. ಮುಂದಿನ ವರ್ಷ ಪ್ರಧಾನಿಯ ರಕ್ಷಣೆಗೆಂದೇ ಎಸ್‌ಪಿಜಿ ಎಂಬ ವಿಶೇಷ ಪಡೆ ಹುಟ್ಟಿತು. 1988ರಲ್ಲಿ ಅದಕ್ಕೊಂದು ಕಾಯಿದೆಯೂ ಬಂತು. ಆದರೆ ಆ ಕಾಯಿದೆಯಲ್ಲಿ ಹಾಲಿ ಪ್ರಧಾನಿಗೆ ಮಾತ್ರ ರಕ್ಷಣೆ ಇತ್ತು, ಮಾಜಿಗಳಿಗೆ ಇರಲಿಲ್ಲ. 1989ರ ಡಿಸೆಂಬರಿನಲ್ಲಿ ರಾಜೀವ್ ಗಾಂಧಿ ಅಧಿಕಾರ ಬಿಟ್ಟರು, ಆಮೇಲೆ ಎಸ್‌ಪಿಜಿಯ ಕಾವಲೂ ಹೋಯಿತು. 1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಅದೇ ವರ್ಷ ಕಾಯಿದೆ ತಿದ್ದಿ ಮಾಜಿ ಪ್ರಧಾನಿಗಳನ್ನೂ ಸೇರಿಸಿದರು. ಆಮೇಲೆ ಆ ಅವಧಿಯನ್ನು ಹಿಗ್ಗಿಸಿದ್ದೂ ಉಂಟು, ಕುಗ್ಗಿಸಿದ್ದೂ ಉಂಟು. 2019ರ ತಿದ್ದುಪಡಿ ಅದನ್ನು ಅಧಿಕಾರ ಬಿಟ್ಟ ಮೇಲೆ ಐದು ವರ್ಷ ಎಂದು ಗೊತ್ತುಮಾಡಿತು.

ಅಮೆರಿಕದಲ್ಲೂ ಹಾಗೆಯೇ. 1963ರಲ್ಲಿ ಕೆನಡಿ ಹತ್ಯೆಯಾಯಿತು, 1965ರಲ್ಲಿ ಮಾಜಿ ಅಧ್ಯಕ್ಷರಿಗೆ ಜೀವನಪರ್ಯಂತ ಸೀಕ್ರೆಟ್ ಸರ್ವಿಸ್ ರಕ್ಷಣೆ ಕೊಡುವ ಕಾನೂನು ಬಂತು. ನಡುವೆ ಇದನ್ನು ಹತ್ತು ವರ್ಷಕ್ಕೆ ಇಳಿಸಿ ನೋಡಿದರು, 2013ರಲ್ಲಿ ಮತ್ತೆ ಜೀವನಪರ್ಯಂತ ಎಂದು ಮಾಡಿದರು.

ಅಧಿಕಾರದಲ್ಲಿರುವವರು ನಮ್ಮೆಲ್ಲರ ಹೆಸರಿನಲ್ಲಿ ತೀರ್ಮಾನಗಳನ್ನು ಮಾಡುತ್ತಾರೆ. ಸೇನೆ ಕಳಿಸುತ್ತಾರೆ, ಗುಂಪುಗಳನ್ನು ನಿಷೇಧಿಸುತ್ತಾರೆ, ಯಾರನ್ನೋ ಗಲ್ಲಿಗೆ ಕಳಿಸುವ ಕಡತದ ಮೇಲೆ ರುಜು ಹಾಕುತ್ತಾರೆ. ಕುರ್ಚಿಯ ಅವಧಿ ಮುಗಿಯುತ್ತದೆ. ಹಗೆಗೆ ಅವಧಿ ಇರುವುದಿಲ್ಲ. ಅಷ್ಟೇ ಅಲ್ಲ, ಅವರ ತಲೆಯೊಳಗೆ ದೇಶದ ಗುಟ್ಟುಗಳಿರುತ್ತವೆ. ಆದ್ದರಿಂದ ಈ ಕಾವಲು ಸನ್ಮಾನದ ಶಾಲಲ್ಲ, ಕೆಲಸದಿಂದ ಬಂದ ಅಪಾಯಕ್ಕೆ ಕೊಡುವ ಕೊಡೆ.

ಈ ವ್ಯತ್ಯಾಸವನ್ನು ಕಾಯಿದೆಯಲ್ಲೇ ಬರೆದಿಟ್ಟವರು ದಕ್ಷಿಣ ಕೊರಿಯಾದವರು. ಅಲ್ಲಿ ಮಾಜಿ ಅಧ್ಯಕ್ಷರ ಗೌರವಕ್ಕೆಂದು ಒಂದು ಕಾಯಿದೆ ಇದೆ. ಪಿಂಚಣಿ, ಕಾರ್ಯದರ್ಶಿಗಳು, ಕಚೇರಿಯ ಖರ್ಚು ಎಲ್ಲ ಅದರಲ್ಲಿ ಬರುತ್ತವೆ. ಮಹಾಭಿಯೋಗಕ್ಕೆ ಗುರಿಯಾಗಿ ಪದಚ್ಯುತರಾದರೆ ಅಥವಾ ಸೆರೆವಾಸದ ಶಿಕ್ಷೆಯಾದರೆ ಇವೆಲ್ಲ ರದ್ದು. ಭದ್ರತೆ ಮಾತ್ರ ರದ್ದಾಗುವುದಿಲ್ಲ. ಮರ್ಯಾದೆ ಹೋಗುತ್ತದೆ, ಪ್ರಾಣರಕ್ಷಣೆ ಉಳಿಯುತ್ತದೆ. 2017ರಲ್ಲಿ ಪದಚ್ಯುತರಾಗಿ ಜೈಲಿಗೆ ಹೋದ ಪಾರ್ಕ್ ಗ್ಯುನ್ ಹೈ 2021ರ ಕೊನೆಯಲ್ಲಿ ಕ್ಷಮಾದಾನ ಪಡೆದು ಹೊರಬಂದಾಗ ಪಿಂಚಣಿ ಇರಲಿಲ್ಲ, ಕಾವಲು ಇತ್ತು.

‘ಸರಿ ಅಂಕಲ್, ಹೊರಗಿದ್ದಾಗ ಒಪ್ಪಿದೆ. ಜೈಲಲ್ಲಿ ಯಾಕೆ? ಅಲ್ಲಿ ಆಗಲೇ ಗೋಡೆ ಇದೆ, ಬೀಗ ಇದೆ, ಪೊಲೀಸರಿದ್ದಾರೆ’ ಎಂದಳು ಹುಡುಗಿ. ಒಳ್ಳೆಯ ಪ್ರಶ್ನೆ. ಪ್ಯಾರಿಸ್‌ನ ವಾರ್ಡರುಗಳು ಕೇಳಿದ್ದೂ ಇದನ್ನೇ.

ಇದಕ್ಕೆ ಒಂದೊಂದು ದೇಶ ಒಂದೊಂದು ಉತ್ತರ ಕೊಟ್ಟಿದೆ. ಫ್ರಾನ್ಸ್ ಪೊಲೀಸರನ್ನೇ ಒಳಗೆ ಕಳಿಸಿತು. ಕೊರಿಯಾದಲ್ಲಿ ಬಂಧನಕೇಂದ್ರದ ಬಾಗಿಲಲ್ಲಿ ಅಂಗರಕ್ಷಕರ ಕೆಲಸ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಹೊಣೆ ಜೈಲಿನವರದು. 2025ರ ಜುಲೈನಲ್ಲಿ ಮಾಜಿ ಅಧ್ಯಕ್ಷ ಯೂನ್ ಸುಕ್ ಯೋಲ್ ಅವರನ್ನು ಮತ್ತೆ ಬಂಧಿಸಿದಾಗ ಹಾಗೆಯೇ ಆಯಿತು. ಇಸ್ರೇಲ್ ಮೂರನೆಯ ದಾರಿ ಹಿಡಿಯಿತು. 2006ರಿಂದ 2009ರವರೆಗೆ ಪ್ರಧಾನಿಯಾಗಿದ್ದ ಎಹುದ್ ಓಲ್ಮರ್ಟ್ 2016ರ ಫೆಬ್ರವರಿಯಲ್ಲಿ ಲಂಚದ ಪ್ರಕರಣದಲ್ಲಿ ಶಿಕ್ಷೆಗೆ ಗುರಿಯಾಗಿ ಮಾಸಿಯಾಹು ಜೈಲಿಗೆ ಬರುವ ಹೊತ್ತಿಗೆ ಅಲ್ಲಿ ಒಂದು ಪ್ರತ್ಯೇಕ ವಿಭಾಗವೇ ಸಿದ್ಧವಾಗಿತ್ತು. ದೇಶದ ಗುಟ್ಟು ಬಲ್ಲವರನ್ನು ಎಲ್ಲ ಕೈದಿಗಳ ನಡುವೆ ಬಿಡುವುದು ಹೇಗೆ ಎಂಬ ಚಿಂತೆ ಅವರದು.

ಅಮೆರಿಕಕ್ಕೆ ಉತ್ತರ ಕೊಡುವ ಸಂದರ್ಭವೇ ಬರಲಿಲ್ಲ. 2024ರ ಮೇ 30ರಂದು ನ್ಯೂಯಾರ್ಕಿನ ಪಂಚರು ಡೊನಾಲ್ಡ್ ಟ್ರಂಪ್ ಅವರನ್ನು 34 ಆರೋಪಗಳಲ್ಲಿ ತಪ್ಪಿತಸ್ಥರೆಂದರು. ಜೈಲಾದರೆ ಸೀಕ್ರೆಟ್ ಸರ್ವಿಸ್‌ನವರೂ ಜತೆಗೆ ಜೈಲಿನಲ್ಲಿರಬೇಕೇ ಎಂದು ದೇಶವಿಡೀ ಚರ್ಚೆಯಾಯಿತು. ಶಿಕ್ಷೆಯಾದ ಮಾಜಿಗಳ ರಕ್ಷಣೆ ತೆಗೆಯಬೇಕೆಂದು ಆ ವರ್ಷದ ಏಪ್ರಿಲ್‌ನಲ್ಲೇ ಒಬ್ಬ ಸಂಸದರು ಮಸೂದೆ ಮಂಡಿಸಿದ್ದರು. ಅದು ಕಾಯಿದೆಯಾಗಲಿಲ್ಲ. ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿತು, ಕಿವಿ ಸವರಿಕೊಂಡು ಹೋಯಿತು. ನವೆಂಬರಿನಲ್ಲಿ ಅವರೇ ಮತ್ತೆ ಅಧ್ಯಕ್ಷರಾಗಿ ಆಯ್ಕೆಯಾದರು. 2025ರ ಜನವರಿ 10ರಂದು ನ್ಯಾಯಾಧೀಶರು ಜೈಲೂ ಇಲ್ಲ, ದಂಡವೂ ಇಲ್ಲ ಎಂದು ಪ್ರಕರಣ ಮುಗಿಸಿದರು.

ಈ ದಾರಿಗಳಲ್ಲಿ ನನಗೆ ಸರಿ ಕಾಣುವುದು ಕೊರಿಯಾದ್ದು. ಒಂದು ಜೈಲಿಗೆ ಒಬ್ಬನೇ ಯಜಮಾನ ಇರಬೇಕು. ಒಳಗೆ ಗಲಾಟೆಯಾಯಿತೆನ್ನಿ, ಬಾಗಿಲು ಮುಚ್ಚು ಎಂದು ಜೈಲಿನವರು ಹೇಳುತ್ತಾರೆ, ನಮ್ಮ ಸಾಹೇಬರನ್ನು ಹೊರಗೆ ಕರೆದೊಯ್ಯಬೇಕು, ತೆಗಿ ಎಂದು ಅಂಗರಕ್ಷಕರು ಹೇಳುತ್ತಾರೆ. ಯಾರ ಮಾತು ನಡೆಯಬೇಕು? ವರ್ಷಗಟ್ಟಲೆ ‘ಸಾರ್’ ಎಂದು ಕೈಕಟ್ಟಿ ನಿಂತವನು ಒಂದು ದಿನ ಬೆಳಗಾಗುವಷ್ಟರಲ್ಲಿ ಅವರನ್ನು ಕೈದಿಯೆಂದು ಕಾಣುವುದೂ ಸುಲಭವಲ್ಲ.

ಈ ಕಷ್ಟ ಎಷ್ಟು ದೊಡ್ಡದೆಂದು ಕೊರಿಯಾವೇ ಕಂಡಿತು. 2024ರ ಡಿಸೆಂಬರ್ 3ರ ರಾತ್ರಿ ಯೂನ್ ಸೇನಾ ಆಡಳಿತ ಘೋಷಿಸಿದರು. ಸಂಸತ್ತು ಕೆಲವೇ ಗಂಟೆಗಳಲ್ಲಿ ಅದನ್ನು ತಳ್ಳಿಹಾಕಿತು. ಹನ್ನೊಂದು ದಿನಗಳಲ್ಲಿ ಮಹಾಭಿಯೋಗವನ್ನೂ ಅಂಗೀಕರಿಸಿತು. 2025ರ ಜನವರಿ 3ರಂದು ತನಿಖಾಧಿಕಾರಿಗಳು ವಾರಂಟು ಹಿಡಿದು ಅವರ ನಿವಾಸಕ್ಕೆ ಹೋದರೆ, ಎದುರು ನಿಂತವರು ಭದ್ರತಾ ಪಡೆಯವರು! ಕೈಗೆ ಕೈ ಕೋಸಿ ಗೋಡೆ ಕಟ್ಟಿದರು. ಐದಾರು ಗಂಟೆ ಕಾದು ತನಿಖಾಧಿಕಾರಿಗಳು ಬರಿಗೈಯಲ್ಲಿ ಹಿಂದಿರುಗಿದರು. ಬಂಧಿಸಲು ಸಾಧ್ಯವಾದದ್ದು ಜನವರಿ 15ರಂದು, ಸಾವಿರಾರು ಪೊಲೀಸರು ಹೋದ ಮೇಲೆ. ಪ್ರಾಣ ಉಳಿಸಲು ಜನರ ದುಡ್ಡಿನಿಂದ ಸಾಕಿದ ಪಡೆ, ಕಾನೂನಿನಿಂದ ತಪ್ಪಿಸಲು ನಿಂತಿತ್ತು.

ದಕ್ಷಿಣ ಆಫ್ರಿಕಾದ್ದು ಇನ್ನೊಂದು ಬಗೆ. ಜೇಕಬ್ ಜೂಮಾ ಅಧ್ಯಕ್ಷರಾಗಿದ್ದಾಗ ಎಂಕಾಂಡ್ಲದ ಅವರ ಸ್ವಂತ ಮನೆಗೆ ‘ಭದ್ರತೆ’ ಎಂಬ ಲೆಕ್ಕದಲ್ಲಿ ಸರಕಾರದ ದುಡ್ಡು ಸುರಿಯಿತು. ಅದರಲ್ಲಿ ಒಂದು ಈಜುಕೊಳವೂ ಇತ್ತು. ಕೇಳಿದರೆ, ಬೆಂಕಿ ಬಿದ್ದರೆ ನೀರು ಬೇಕಲ್ಲ ಎಂಬ ಸಮಜಾಯಿಷಿ ಬಂತು. ದನದ ಕೊಟ್ಟಿಗೆ, ಕೋಳಿಗೂಡು ಕೂಡ ಪಟ್ಟಿಯಲ್ಲಿದ್ದವು. ಸಾರ್ವಜನಿಕ ಹಿತರಕ್ಷಣಾಧಿಕಾರಿ ಥೂಲಿ ಮಡೊನ್ಸೆಲಾ 2014ರಲ್ಲಿ ಇದನ್ನು ಬಯಲಿಗೆಳೆದರು. 2016ರಲ್ಲಿ ಸಂವಿಧಾನ ನ್ಯಾಯಾಲಯ, ಭದ್ರತೆಗೆ ಸಂಬಂಧವಿಲ್ಲದ ಖರ್ಚನ್ನು ನೀವೇ ಕಟ್ಟಿ ಎಂದಿತು. ಜೂಮಾ 78 ಲಕ್ಷ ರ‍್ಯಾಂಡ್ ಕಟ್ಟಿದರು.

ಅದೇ ಜೂಮಾ, ವಿಚಾರಣಾ ಆಯೋಗದ ಮುಂದೆ ಹಾಜರಾಗದ ನ್ಯಾಯಾಂಗ ನಿಂದನೆಗಾಗಿ 2021ರ ಜೂನ್‌ನಲ್ಲಿ 15 ತಿಂಗಳ ಶಿಕ್ಷೆಗೆ ಗುರಿಯಾದರು. ಜುಲೈ 7ರ ನಡುರಾತ್ರಿಗೆ ಗಡುವು ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಅವರ ವಾಹನಗಳು ಮನೆ ಬಿಟ್ಟು ಜೈಲಿನ ದಾರಿ ಹಿಡಿದವು. ಆಮೇಲಿನ ದಿನಗಳ ದೊಂಬಿ, ಲೂಟಿಯಲ್ಲಿ 350ಕ್ಕೂ ಹೆಚ್ಚು ಜನ ಸತ್ತರು. ನಾಯಕ ಜೈಲಿನೊಳಗೆ ಕ್ಷೇಮವಾಗಿದ್ದ. ಹೊರಗೆ ಬೀದಿಯಲ್ಲಿದ್ದವರಿಗೆ ರಕ್ಷಣೆ ಇರಲಿಲ್ಲ. ಒಬ್ಬ ಮಾಜಿ ನಾಯಕ ಜೈಲಿಗೆ ಹೋಗುವಾಗ ಕಾಯಬೇಕಾದ್ದು ಅವನೊಬ್ಬನನ್ನೇ ಅಲ್ಲ ಎಂಬುದನ್ನು ಆ ದೇಶ ಬಹಳ ಬೆಲೆ ತೆತ್ತು ಕಲಿಯಿತು.

ಅಪಾಯದಿಂದ ಕಾಯುವುದು ಬೇರೆ, ಕಾನೂನಿನಿಂದ ಕಾಯುವುದು ಬೇರೆ. ಮೊದಲನೆಯದು ಸರಕಾರದ ಕರ್ತವ್ಯ. ಎರಡನೆಯದು ಕಳ್ಳತನ. ಇವೆರಡಕ್ಕೂ ‘ಭದ್ರತೆ’ ಎಂಬ ಒಂದೇ ಹೆಸರು ಇರುವುದರಿಂದಲೇ ನಮಗೆ ಸಿಟ್ಟು, ಗೊಂದಲ ಎರಡೂ.

ನಮ್ಮಲ್ಲಿ ಹೇಗೆ ಎಂದು ನೀವು ಕೇಳಬಹುದು. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಹೋದ ಇಂದಿರಾ ಗಾಂಧಿಯವರನ್ನು, ಅದೇ ಡಿಸೆಂಬರ್ 19ರಂದು ಸದನ ಹಕ್ಕುಚ್ಯುತಿಯ ಮೇಲೆ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೆ ಕಳಿಸಿತು. ಡಿಸೆಂಬರ್ 26ರಂದು ಹೊರಬಂದರು. ಎಸ್‌ಪಿಜಿ ಇನ್ನೂ ಹುಟ್ಟಿರದ ಕಾಲ ಅದು.

ಪಿ.ವಿ. ನರಸಿಂಹರಾಯರ ಕಾಲಕ್ಕೆ ಎಲ್ಲ ಬದಲಾಗಿತ್ತು. ಸಂಸದರ ಲಂಚ ಪ್ರಕರಣದಲ್ಲಿ ಅವರ ವಿಚಾರಣೆ ನಡೆದದ್ದು ಮಾಮೂಲು ಕೋರ್ಟಿನಲ್ಲಲ್ಲ. ಭದ್ರತೆಯ ಕಾರಣಕ್ಕೆ ನ್ಯಾಯಾಲಯವೇ ದೆಹಲಿಯ ವಿಜ್ಞಾನ ಭವನಕ್ಕೆ ಬಂತು. 2000ದ ಅಕ್ಟೋಬರಿನಲ್ಲಿ ಅವರಿಗೆ ಮೂರು ವರ್ಷ ಶಿಕ್ಷೆಯಾಯಿತು. ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಗೆ ಗುರಿಯಾದ ಮೊದಲ ಮಾಜಿ ಪ್ರಧಾನಿ ಅವರು. ಮೇಲ್ಮನವಿ ಹಾಕಿದರು. 2002ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅವರನ್ನು ನಿರ್ದೋಷಿ ಎಂದಿತು. ಜೈಲಿನ ಮೆಟ್ಟಿಲು ಹತ್ತಲಿಲ್ಲ. ಆದ್ದರಿಂದ ಅಂಗರಕ್ಷಕರು ಜೈಲಿನೊಳಗೂ ಹೋಗಬೇಕೇ ಎಂಬ ಪ್ರಶ್ನೆ ನಮ್ಮಲ್ಲಿ ಏಳುವ ಮೊದಲೇ ತಣ್ಣಗಾಯಿತು.

ನರಸಿಂಹರಾಯರ ಉದಾಹರಣೆಯಲ್ಲಿ ಇನ್ನೊಂದು ಪಾಠವಿದೆ. ಕೆಳಗಿನ ಕೋರ್ಟು ತಪ್ಪಿತಸ್ಥ ಎಂದವರನ್ನು ಮೇಲಿನ ಕೋರ್ಟು ನಿರ್ದೋಷಿ ಎನ್ನಬಹುದು. ನಡುವೆ ಜೈಲಿನಲ್ಲಿ ಪ್ರಾಣ ಹೋದರೆ ಯಾವ ಕೋರ್ಟೂ ಅದನ್ನು ಹಿಂದಕ್ಕೆ ಕೊಡಲಾರದು. ನ್ಯಾಯಾಧೀಶರು ಕೊಡುವ ಶಿಕ್ಷೆ ಸೆರೆವಾಸ; ಜೀವಭಯವನ್ನು ಯಾವ ತೀರ್ಪಿನಲ್ಲೂ ಶಿಕ್ಷೆಯೆಂದು ಬರೆದಿರುವುದಿಲ್ಲ.

ಇಲ್ಲಿ ಹುಡುಗಿಯ ತಂದೆ ಮೆಲ್ಲಗೆ, ‘ಅದು ಸರಿ ಸಾರ್. ಆದರೆ ಬಡವನ ಮಗ ಜೈಲಿಗೆ ಹೋದರೆ ಅವನ ಪಕ್ಕದ ಕೋಣೆಯಲ್ಲಿ ಯಾರು ಇರ್ತಾರೆ?’ ಎಂದರು. ಅವರ ದನಿಯಲ್ಲಿ ಮೊದಲಿನ ನಗು ಇರಲಿಲ್ಲ.

ನನಗೆ ಬೇಕಾಗಿದ್ದ ಪ್ರಶ್ನೆಯೂ ಅದೇ. ಒಂದು ಹಳೆಯ ಸಂಗತಿ ಹೇಳಿದೆ. ಒಡಿಶಾದಲ್ಲಿ 1987ರ ಡಿಸೆಂಬರ್ 1ರಂದು 22 ವರ್ಷದ ಯುವಕನೊಬ್ಬನನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಮರುದಿನ ಅವನ ದೇಹ ರೈಲು ಹಳಿಯ ಬಳಿ ಸಿಕ್ಕಿತು. ಅವನ ತಾಯಿ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ಪರಿಗಣಿಸಿ, 1993ರಲ್ಲಿ ಆ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ವಶಕ್ಕೆ ತೆಗೆದುಕೊಂಡವರ ಜೀವಕ್ಕೆ ಸರಕಾರವೇ ಹೊಣೆ, ಅದರಿಂದ ನುಣುಚಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಅದಕ್ಕೂ ಮೊದಲು, 1979ರಲ್ಲಿ, ತಿಹಾರ್ ಜೈಲಿನ ಒಬ್ಬ ಕೈದಿ ಪಕ್ಕದವನ ಮೇಲೆ ನಡೆದ ಹಿಂಸೆಯ ಬಗ್ಗೆ ಬರೆದ ಕಾಗದವನ್ನೂ ಇದೇ ಕೋರ್ಟು ಕೈಗೆತ್ತಿಕೊಂಡಿತ್ತು. ಅದೂ ಯಾವ ತಿಹಾರ್? ಸ್ವಲ್ಪ ಕಾಲದ ಹಿಂದಷ್ಟೇ ಮಾಜಿ ಪ್ರಧಾನಿಯೊಬ್ಬರು ಒಂದು ವಾರ ಇದ್ದು ಬಂದ ತಿಹಾರ್.

ಸಂವಿಧಾನದ 21ನೆಯ ವಿಧಿ ಜೀವದ ಹಕ್ಕನ್ನು ಕೊಡುವಾಗ ಹಾಲಿ, ಮಾಜಿ ಎಂದು ಕೇಳುವುದಿಲ್ಲ. ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣೆ ಮುಗಿಯದವರು ಎಂದು 2022ರ ಸರಕಾರಿ ಅಂಕಿ ಅಂಶ ಹೇಳುತ್ತದೆ. ಫ್ರಾನ್ಸ್ ಕೂಡ ಇದರಲ್ಲಿ ಬೀಗುವಂತಿಲ್ಲ. ಸಾರ್ಕೋಜಿ ಒಳಗಿದ್ದಾಗ ಅಲ್ಲಿನ ಜೈಲುಗಳಲ್ಲಿ 62 ಸಾವಿರ ಜಾಗಕ್ಕೆ 80 ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು. ಎಷ್ಟೋ ಜನ ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದರು. ಈಗ ಆ ವಾರ್ಡರುಗಳ ಪ್ರಶ್ನೆಗೆ ಬನ್ನಿ. ಒಬ್ಬ ಮಾಜಿ ಅಧ್ಯಕ್ಷನನ್ನು ಕಾಯಲು ಹೊರಗಿನ ಪೊಲೀಸರು ಬೇಕು ಎಂದರೆ, ಉಳಿದ ಕೈದಿಗಳಿಗೆ ಈ ಜೈಲು ಎಷ್ಟು ಸುರಕ್ಷಿತ? ವಾರ್ಡರುಗಳ ಸಿಟ್ಟಿನ ಹಿಂದಿದ್ದ ಸತ್ಯ ಇದು.

ಅಂದ ಹಾಗೆ, ಸಾರ್ಕೋಜಿ 20 ದಿನ ಒಳಗಿದ್ದರು. ನವೆಂಬರ್ 10ರಂದು ಮೇಲಿನ ಕೋರ್ಟು ಮೇಲ್ಮನವಿಯ ವಿಚಾರಣೆಯತನಕ ಅವರನ್ನು ನಿರ್ಬಂಧಗಳೊಂದಿಗೆ ಹೊರಗೆ ಬಿಟ್ಟಿತು. ದೇಶ ಬಿಟ್ಟು ಹೋಗುವಂತಿಲ್ಲ, ತಮ್ಮನ್ನು ಜೈಲಿಗೆ ಬಂದು ಕಂಡುಹೋಗಿದ್ದ ನ್ಯಾಯಾಂಗ ಸಚಿವರ ಜತೆ ಮಾತಾಡುವಂತಿಲ್ಲ! ಆ ದಿನ ಜೈಲಿನಿಂದಲೇ ವಿಡಿಯೋ ಮೂಲಕ ಕೋರ್ಟಿನ ಮುಂದೆ ಮಾತಾಡಿದ ಅವರು, ಜೈಲುವಾಸ ಬಲು ಕಷ್ಟ ಎಂದರು. ಮರೆಯದೆ ಜೈಲಿನ ಸಿಬ್ಬಂದಿಯ ಮಾನವೀಯತೆಯನ್ನೂ ಹೊಗಳಿದರು.

ಹುಡುಗಿ ನೋಟ್ ಬುಕ್ಕಿನಲ್ಲಿ ಏನೇನೋ ಗೀಚಿಕೊಂಡು ಹೋದಳು. ಬುಧವಾರ ಸಂಜೆ ತರಕಾರಿ ಅಂಗಡಿಯ ಮುಂದೆ ತಂದೆ ಸಿಕ್ಕರು. ಬಹುಮಾನ ಬರಲಿಲ್ಲವಂತೆ. ‘ಆದರೆ ಸಾರ್, ಕೊನೇಲಿ ಒಂದು ಮಾತು ಹೇಳಿ ಬಂದಿದಾಳೆ. ಮಾಜಿ ನಾಯಕರಿಗೆ ಜೈಲಲ್ಲಿ ಕೊಡೋ ಕಾವಲನ್ನ ಕಿತ್ತುಕೊಂಡರೆ ಸಮಾನತೆ ಬರೋಲ್ಲ, ಅದು ಎಲ್ಲ ಕೈದಿಗಳಿಗೂ ಸಿಕ್ಕಿದಾಗ ಬರುತ್ತೆ ಅಂತ. ಮೇಷ್ಟ್ರುಗಳು ಅವಳಿಗೆ ಸಮಯ ಮೀರಿತು ಅಂತ ಅಂಕ ಕಳೆದರಂತೆ’ ಎಂದರು.

ಮಗಳ ವಾದ ಒಪ್ಪಿದಿರಾ ಎಂದು ಕೇಳಿದೆ. ಚೀಲ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ‘ಅರ್ಧ ಒಪ್ಪಿದೀನಿ ಸಾರ್. ಇನ್ನರ್ಧಕ್ಕೆ ರಾತ್ರಿ ಊಟದ ಹೊತ್ತಲ್ಲಿ ಇನ್ನೂ ಜಗಳ ನಡೀತಿದೆ’ ಎಂದರು.

ಮನೆಯಲ್ಲಿ ಮಕ್ಕಳ ಜತೆ ಇಂಥ ಜಗಳ ನಡೆಯುತ್ತಿದ್ದರೆ, ಬಹುಮಾನ ಬರದಿದ್ದರೂ ಚಿಂತೆಯಿಲ್ಲ.